ಕಂಬ ಹಿಡಿಯಲು ಅನುಮತಿ ಕೋರಿ

ಇಪ್ಪತ್ತೆರಡು ವರ್ಷ ಬಸ್ಸಿನ ಕಂಬಕ್ಕೆ ಸೊಂಟ ಆನಿಸಿ ನಿಂತ ಕಂಡಕ್ಟರನಿಗೆ, ಕಂಬ ಹಿಡಿಯುವುದು ಹೇಗೆಂದು ಕಲಿಯಲು ತರಗತಿಗೆ ಸೇರು ಅಂತ ಯಾರಾದರೂ ಹೇಳಿದರೆ ಅವನು ಏನು ಮಾಡಬೇಕು? ಕೆಲವರು ನಗುತ್ತಾರೆ. ಕೆಲವರು ಸಿಟ್ಟಾಗುತ್ತಾರೆ. ಚುರುಕಾದವರು ಹೋಗಿ ಸೇರಿಕೊಂಡುಬಿಡುತ್ತಾರೆ. ನಾನು ಅರ್ಜಿ ಹಾಕಿದೆ. ಆಮೇಲೆ ಆದದ್ದೆಲ್ಲ ಆ ಅರ್ಜಿಯಿಂದಲೇ ಆದದ್ದು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಕೂತುಕೊಂಡೇ ಹೇಳುತ್ತೇನೆ, ಈಗ ನನಗೆ ಕುರ್ಚಿ ಕೊಟ್ಟಿದ್ದಾರೆ.

ನಮ್ಮ ಇಲಾಖೆಯಲ್ಲಿ ನಲವತ್ತೈದು ದಾಟಿದ ಕಂಡಕ್ಟರುಗಳಿಗೆ ವರ್ಷಕ್ಕೊಮ್ಮೆ ದೇಹ ಪರೀಕ್ಷೆ ಇರುತ್ತದೆ. ಹತ್ತು ಬಸ್ಕಿ ಹೊಡೆಯಬೇಕು. ಆಮೇಲೆ ತಲೆಯ ಮೇಲಿನ ಸರಳು ಹಿಡಿದು, ಕಾಲು ಎತ್ತಿ, ಇಪ್ಪತ್ತು ಸೆಕೆಂಡು ಜೋತಾಡಬೇಕು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ಕಂಡಕ್ಟರ್ ಪ್ರಯಾಣಿಕರ ಮೇಲೆ ಬೀಳಬಾರದು ಎಂಬುದು ಇದರ ಉದ್ದೇಶ. ಹಿಂದೆ ಒಬ್ಬರು ಬಿದ್ದಿದ್ದರಂತೆ. ಯಾರ ಮೇಲೆ ಬಿದ್ದರೆಂದು ಯಾರೂ ಬಾಯಿಬಿಡುವುದಿಲ್ಲ, ಆದರೆ ನಿಯಮ ಮಾರನೆಯ ವಾರವೇ ಬಂದಿತ್ತು.

ಬಸ್ಕಿ ಹೇಗೋ ಮುಗಿಸಿದೆ. ಸರಳು ಹಿಡಿದು ಕಾಲೆತ್ತಿದೆ. ಆಮೇಲೆ ನೆಲದ ಮೇಲಿದ್ದೆ. ಡಾಕ್ಟರು ಕೈಯಲ್ಲಿದ್ದ ಗಡಿಯಾರವನ್ನು ಅಲ್ಲಾಡಿಸಿ, ಕಿವಿಗಿಟ್ಟುಕೊಂಡು ಕೇಳಿ, ಕೊನೆಗೆ ನಂಬಿದರು.

"ನಾಲ್ಕು ಸೆಕೆಂಡು," ಅಂದರು.

"ಐದಾಗಿತ್ತು ಅನ್ಸುತ್ತೆ ಡಾಕ್ಟ್ರೇ."

"ಐದನೇದು ನೀವು ಕೆಳಗೆ ಬಂದ್ಮೇಲೆ ಆಗಿದ್ದು. ಮೂರು ತಿಂಗಳು ಟೈಮ್ ಕೊಡ್ತೀನಿ. ಆಗ್ಲೂ ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಬಸ್ಸಿಂದ ಇಳಿಸಿ ಕೋಣೆಗೆ ಹಾಕ್ತಾರೆ."

ಕೋಣೆ ಎಂದರೆ ಬಸ್ ನಿಲ್ದಾಣದ ಹಿಂದಿರುವ, ಕಳೆದುಹೋದ ಸಾಮಾನುಗಳ ಕೋಣೆ. ಜನ ಬಸ್ಸಿನಲ್ಲಿ ಮರೆತುಹೋದದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಗೋಡೆಯಿಂದ ಗೋಡೆಗೆ ಹಾಕಿದ ಕಬ್ಬಿಣದ ಪೈಪಿನಲ್ಲಿ ಕೊಡೆಗಳು, ಕಪಾಟಿನಲ್ಲಿ ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಒಂದು ಹಲ್ಲಿನ ಸೆಟ್ಟು. ಕಿಟಕಿ ಇಲ್ಲ. ಅದನ್ನು ನೋಡಿಕೊಳ್ಳುವವರನ್ನು ನಾವೆಲ್ಲ ಕೋಣೆಯಣ್ಣ ಅನ್ನುತ್ತಿದ್ದೆವು. ಅವರೂ ಒಂದು ಕಾಲಕ್ಕೆ ಕಂಡಕ್ಟರೇ. ಮಂಡಿ ಕೈಕೊಟ್ಟಿತ್ತು.

ನನಗೆ ಹದಿನಾಲ್ಕನೇ ನಂಬರಿನ ಬಸ್ಸೆಂದರೆ ಪ್ರಾಣ. ಹೆಮ್ಮೆ ಪಡುವಂಥ ಬಸ್ಸೇನಲ್ಲ, ಏರಿನಲ್ಲಿ ಕೆಮ್ಮುತ್ತದೆ. ಆದರೆ ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರು ಯಾರ ಪಕ್ಕ ಕೂರುವುದಿಲ್ಲ ಎಲ್ಲವೂ ನನಗೆ ಗೊತ್ತು. ಬೆಳಗಿನಿಂದ ಸಂಜೆಯವರೆಗೆ "ಒಳಗೆ ನಡೀರಿ, ಬಾಗಿಲ ಹತ್ರ ನಿಲ್ಬೇಡಿ" ಅಂತ ಕೂಗುತ್ತೇನೆ. ಯಾರೂ ನಡೆಯುವುದಿಲ್ಲ, ಬಾಗಿಲ ಹತ್ತಿರವೇ ನಿಲ್ಲುತ್ತಾರೆ. ಈ ಬಸ್ಸು ಬಿಟ್ಟು ಆ ಕೋಣೆಯಲ್ಲಿ ಕೂರಬೇಕೆಂದರೆ ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಆರನೇ ಸ್ಟಾಪಿನಲ್ಲಿ ಪರದೆ ಅಂಗಡಿಯ ಮೇಲೆ ಒಂದು ವ್ಯಾಯಾಮದ ತರಗತಿ ಇದೆ. ಅದರ ಟೀಚರು, ಮೂವತ್ತೈದರ ಆಸುಪಾಸಿನ ಹೆಂಗಸು, ದಿನಾ ನಮ್ಮ ಬಸ್ಸಿಗೇ ಬರುತ್ತಾಳೆ. ನಾನು ಡ್ರೈವರಿಗೆ ನನ್ನ ನಾಲ್ಕು ಸೆಕೆಂಡಿನ ಕಥೆ ಹೇಳುತ್ತಿದ್ದಾಗ ಮುಂದಿನ ಸೀಟಿನಲ್ಲೇ ಕೂತಿದ್ದಳು. ಇಳಿಯುವಾಗ ಕೈಗೊಂದು ಚೀಟಿ ಕೊಟ್ಟಳು.

"ಅಣ್ಣ, ನೀವು ಎರಡೂ ಕೈ ಬಿಟ್ಟು ಸೊಂಟದಲ್ಲೇ ಕಂಬ ಹಿಡ್ಕೊಂಡು ಟಿಕೆಟ್ ಹರೀತೀರಲ್ಲ, ಅದನ್ನ ಕಲಿಸೋಕೆ ನನಗೆ ಎರಡು ತಿಂಗಳು ಬೇಕಾಗುತ್ತೆ. ನಿಮಗೆ ತೋಳಲ್ಲಿ ಶಕ್ತಿ ಸಾಲದು, ಅಷ್ಟೆ. ಬನ್ನಿ, ಇಪ್ಪತ್ತಲ್ಲ, ನಲವತ್ತು ಸೆಕೆಂಡ್ ಜೋತಾಡಿಸ್ತೀನಿ."

ಚೀಟಿಯಲ್ಲಿ ಹೀಗಿತ್ತು: "ದೇಹ ಗಟ್ಟಿಯಾಗಲು ಪೋಲ್ ಡ್ಯಾನ್ಸ್. ಎಲ್ಲ ವಯಸ್ಸಿನವರಿಗೂ. ಸಂಜೆ ಐದಕ್ಕೆ." ಕೆಳಗೆ, ಕಂಬವೊಂದಕ್ಕೆ ಕಾಲು ಸುತ್ತಿ ತಲೆಕೆಳಗಾಗಿ ನಗುತ್ತಿರುವ ಹೆಂಗಸಿನ ಚಿತ್ರ.

ಯೋಚನೆ ಮಾಡೋಣ ಅಂತ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಮುಂಚೆ ಜೇಬು ನೋಡುವವಳು ನನ್ನ ಹೆಂಡತಿ.

"ಇವಳ್ಯಾರು?" ಅಂದಳು.

"ಯಾರೂ ಅಲ್ಲ. ವ್ಯಾಯಾಮ."

"ತಲೆಕೆಳಗಾಗಿದ್ದಾಳೆ."

"ಅದೇ ವ್ಯಾಯಾಮ."

"ನೀವೂ ಹೀಗೆ ತಲೆಕೆಳಗಾಗ್ತೀರಾ?"

"ಇನ್ನೂ ತೀರ್ಮಾನ ಮಾಡಿಲ್ಲ."

ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ತಲೆ ಎತ್ತದೆ, "ಅಳಿಯಂದಿರು ಬೀಳ್ತಾರೆ," ಅಂದರು. ಹೆಂಡತಿಯ ತಾಯಿ ನಮ್ಮ ಜೊತೆಗೇ ಇದ್ದಾರೆ. ಸೊಂಟ, ಮಂಡಿ ಎರಡೂ ಹೋಗಿ ಎಂಟು ತಿಂಗಳಿಂದ ಆ ಕುರ್ಚಿಯಲ್ಲೇ. ಏಳಬೇಕಾದರೆ ಒಂದು ಕಡೆ ನಾನು, ಇನ್ನೊಂದು ಕಡೆ ಹೆಂಡತಿ ಹಿಡಿಯಬೇಕು. ಏಳುವ ಮುಂಚೆಯೇ, "ಬೇಡ ಬಿಡಿ, ಕೂತೇ ಇರ್ತೀನಿ," ಅನ್ನುತ್ತಾರೆ.

ಬಟ್ಟೆ ಒಗೆಯುವ ಜಾಗದ ಮೇಲ್ಗಡೆಯೇ ಮಹಡಿ ಮನೆಯವರ ಕಿಟಕಿ. ಅವರು ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಸಂಜೆಯೊಳಗೆ ಇಡೀ ಕಟ್ಟಡದಲ್ಲಿ ಮೂರು ಸುದ್ದಿ ಓಡಾಡುತ್ತಿದ್ದವು. ನಾನು ಕೆಲಸ ಬಿಟ್ಟು ನೃತ್ಯ ತಂಡ ಸೇರುತ್ತೇನೆ ಎಂಬುದು ಒಂದು. ಬಸ್ಸಿನಲ್ಲಿ ಜನ ಹೆಚ್ಚಲೆಂದು ಇಲಾಖೆಯೇ ನನ್ನನ್ನು ಕುಣಿಸುತ್ತಿದೆ ಎಂಬುದು ಇನ್ನೊಂದು. ಮೂರನೆಯದನ್ನು ನನಗೆ ಯಾರೂ ಹೇಳಲಿಲ್ಲ, ನನ್ನನ್ನು ನೋಡಿದ ಕೂಡಲೇ ಮಾತು ನಿಲ್ಲಿಸಿದರು. ಮೆಟ್ಟಿಲ ಮೇಲೆ ಹೆಡ್‌ಮಿಸ್ಟ್ರೆಸ್ಸು ನನ್ನನ್ನು ತಡೆದು ನಿಲ್ಲಿಸಿದರು.

"ನಾಚ್ಕೊಬೇಡಿ. ಕಲೆ ಯಾವ ವಯಸ್ಸಲ್ಲಾದ್ರೂ ಬರಬಹುದು. ನಮ್ಮ ಶಾಲೇಲಿ ಗಣಿತದ ಮೇಷ್ಟ್ರು ಐವತ್ತನೇ ವಯಸ್ಸಲ್ಲಿ ಕೊಳಲು ಹಿಡಿದ್ರು."

"ಚೆನ್ನಾಗಿ ನುಡಿಸಿದ್ರಾ ಮೇಡಂ?"

"ಇಲ್ಲ. ವರ್ಗ ಮಾಡಿಸ್ಕೊಂಡು ಹೋದ್ರು."

ತರಗತಿ ಸಂಜೆ ಐದಕ್ಕೆ, ನನ್ನ ಪಾಳಿ ಮುಗಿಯುವುದು ಆರಕ್ಕೆ. ಸೇರುವುದಾದರೆ ಪಾಳಿ ಬದಲಾಗಬೇಕು. ಹೀಗೆ ಕೇಳಿಟ್ಟುಕೊಳ್ಳೋಣ ಅಂತ ಡಿಪೊ ಮ್ಯಾನೇಜರ ಬಳಿ ಹೋದೆ. ಅವರು ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು, ಚಿತ್ರದ ಕಡೆಯನ್ನು ತುಸು ಹೆಚ್ಚೇ ನೋಡಿದರು.

"ಡ್ಯಾನ್ಸಾ?"

"ವ್ಯಾಯಾಮ ಸರ್."

"ಚೀಟೀಲಿ ಡ್ಯಾನ್ಸ್ ಅಂತಿದೆ. ಸಮವಸ್ತ್ರದ ನೌಕರರು ಕುಣಿಯೋಕೆ ಕೇಂದ್ರ ಕಚೇರಿ ಅನುಮತಿ ಬೇಕು."

"ಸೇರ್ಬೇಕೋ ಬೇಡ್ವೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ ಸರ್."

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ತೀರ್ಮಾನ ಮಾಡೋಕೆ ಅನುಮತಿ ತಗೊಳ್ಳಿ," ಅಂದರು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ತಮಾಷೆ ಅಂದುಕೊಳ್ಳುತ್ತಿದ್ದರೋ ಏನೋ. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. "ಮಾನ್ಯರೇ, ವಿಷಯ: ದೇಹದಾರ್ಢ್ಯಕ್ಕಾಗಿ ಕಂಬದ ನೃತ್ಯ ತರಗತಿಗೆ ಸೇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಅನುಮತಿ ಕೋರಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಎಂಬತ್ತೊಂಬತ್ತು ಕಿಲೋ ತೂಕದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..." ಎರಡು ಪುಟ ಆಯಿತು. ಮ್ಯಾನೇಜರು ಅಂಚಿನಲ್ಲಿ, "ಕಂಬದ ವಿಷಯ ಇರುವುದರಿಂದ ಒಂದು ಪ್ರತಿ ವರ್ಕ್‌ಶಾಪಿಗೆ," ಅಂತ ಬರೆದು, ಮೂಲ ಅರ್ಜಿಯನ್ನು ಟಪಾಲಿನವರ ಕೈಯಲ್ಲಿ ಕೇಂದ್ರ ಕಚೇರಿಗೆ ಕಳಿಸಿದರು. ಡಿಪೊಗೂ ಕಚೇರಿಗೂ ನಡುವೆ ನಮ್ಮ ಕಾಗದಪತ್ರವೆಲ್ಲ ಓಡಾಡುವುದು ಇಲಾಖೆಯ ಬಸ್ಸುಗಳಲ್ಲೇ. ಟಪಾಲಿನವರು ಹತ್ತಿದ ಕೂಡಲೇ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಾರೆ.

ಮುಂದಿನ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ವರ್ಕ್‌ಶಾಪಿನ ಫೋರ್‌ಮನ್ನು, ಅವನ ಹಿಂದೆ ಇಬ್ಬರು ಫಿಟ್ಟರುಗಳು, ಅವರ ಹೆಗಲ ಮೇಲೆ ಹಳದಿ ಬಣ್ಣದ ಬಸ್ಸಿನ ಕಂಬ. ಫೋರ್‌ಮನ್ನೂ ನಾನೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಅರ್ಜಿ ಓದ್ದೆ ಕಣೋ," ಅಂದ. "ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷದಲ್ಲಿ ನೀನು ಏನೂ ಕೇಳಿದವನಲ್ಲ."

"ನಾನು ಕಂಬ ಕೇಳಿಲ್ಲ ಮಾರಾಯ."

"ಎರಡು ಪುಟ ಪೂರ್ತಿ ಓದೋಕೆ ಯಾರಿಗೆ ಟೈಮಿದೆ? ಕಂಬ, ಎಂಬತ್ತೊಂಬತ್ತು ಕಿಲೋ. ಅಷ್ಟು ಓದ್ದೆ. ಸಾಕು. ಗುಜರಿಗೆ ಹೋಗೋ ಬಸ್ಸಿಂದು, ಮ್ಯಾನೇಜರ್ ಸಹಿ ಹಾಕಿದ್ದಾರೆ. ನೂರೈವತ್ತು ಕಿಲೋ ತಡೆಯುತ್ತೆ. ಎಲ್ಲಿ ಹಾಕ್ಲಿ?"

ನಾನು ಬೇಡ ಅನ್ನಬೇಕೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ನಡುಮನೆಯ ಮಧ್ಯದಲ್ಲಿ ಡ್ರಿಲ್ಲು ಶುರುವಾಗಿತ್ತು. ನೆಲದಿಂದ ಸೂರಿನವರೆಗೆ ಕಂಬ ನಿಂತಿತು. ಎದೆ ಮಟ್ಟದಲ್ಲಿ ಕೆಂಪು ಬೆಲ್ಲಿನ ಗುಂಡಿ ಹಾಗೇ ಇತ್ತು. ಫೋರ್‌ಮನ್ನು ಅದಕ್ಕೊಂದು ಬ್ಯಾಟರಿ ಸಿಕ್ಕಿಸಿ ಒತ್ತಿದ. ಟಿಣ್ ಅಂತು.

ಹೆಡ್‌ಮಿಸ್ಟ್ರೆಸ್ಸು ಮಹಡಿಯಿಂದ ಇಳಿದು ಬಂದರು. "ನನ್ನ ಮಂಚ ಒಂದಡಿ ಸರಿದುಹೋಯ್ತು," ಅಂದರು. ಯಾರ ಮೇಲೆ ಸಿಟ್ಟಾಗುವುದೆಂದು ಒಬ್ಬೊಬ್ಬರನ್ನೇ ನೋಡುತ್ತಾ ಸುಮ್ಮನೆ ಕಂಬ ಹಿಡಿದುಕೊಂಡರು. ಹಿಡಿದವರು ಸ್ವಲ್ಪ ಜಗ್ಗಿ ನೋಡಿದರು, ಸ್ವಲ್ಪ ಬಾಗಿದರು, ಮತ್ತೆ ಎದ್ದರು. "ಗಟ್ಟಿಯಾಗಿದೆ," ಅಂದರು. ಮಾರನೆಯ ದಿನದಿಂದ ನಾಲ್ಕು ಗಂಟೆಗೆ ಸರಿಯಾಗಿ ಬರತೊಡಗಿದರು.

ಆ ವಾರ ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಬೆತ್ತದ ಕುರ್ಚಿ ಖಾಲಿ ಇತ್ತು. ಎಲ್ಲಾದರೂ ಬಿದ್ದರೇನೋ ಅಂತ ಮೊದಲು ನೆಲದ ಕಡೆ ಬಗ್ಗಿದೆ. ನೋಡಿದರೆ ಅತ್ತೆ ಕಂಬ ಹಿಡಿದು ನಿಂತಿದ್ದಾರೆ. ಕುರ್ಚಿ ಎಳೆದು ಹತ್ತಿರ ಹಾಕಿಸಿಕೊಂಡು, ಎರಡೂ ಕೈಯಲ್ಲಿ ಕಂಬ ಹಿಡಿದು, ಒಂದೊಂದೇ ಗೇಣು ಮೇಲೆ ಮೇಲೆ ಹಿಡಿಯುತ್ತಾ ಎದ್ದಿದ್ದರಂತೆ. ಕಿಟಕಿಯಾಚೆ ರಸ್ತೆ ನೋಡುತ್ತಿದ್ದರು.

"ಎದುರಿನ ಮನೆ ಬಣ್ಣ ಯಾವಾಗ ಬದಲಾಯ್ತು?" ಅಂತ ಕೇಳಿದರು.

ಅಡುಗೆಮನೆಗೆ ಹೋಗಿ ನೀರು ಕುಡಿದೆ. ಹಿಂದಿನಿಂದ ಅತ್ತೆ ಬೆಲ್ಲು ಒತ್ತಿದರು.

ಅಲ್ಲಿಂದ ಮುಂದೆ ಆ ಕಂಬಕ್ಕೆ ಬಿಡುವೆಂಬುದೇ ಇಲ್ಲ. ಬೆಳಿಗ್ಗೆ ಅತ್ತೆ, ಆಮೇಲೆ ಹೆಂಡತಿ, ನಾಲ್ಕಕ್ಕೆ ಹೆಡ್‌ಮಿಸ್ಟ್ರೆಸ್ಸು, ಅವರ ಜೊತೆ ಕಟ್ಟಡದ ಇನ್ನಿಬ್ಬರು ಹೆಂಗಸರು. ತಿಂಗಳೊಳಗೆ ಹೆಂಡತಿ ಕಂಬ ಹಿಡಿದು ಕಾಲೆತ್ತಿ ಹದಿನೆಂಟು ಸೆಕೆಂಡು ನಿಲ್ಲುತ್ತಿದ್ದಳು. ಎಣಿಸುತ್ತಿದ್ದವನು ನಾನು. ಮನೆಯಲ್ಲಿ ಕಂಬ ಮುಟ್ಟದ ಏಕೈಕ ಪ್ರಾಣಿಯೂ ನಾನೇ.

"ಒಂದ್ಸಲ ಹಿಡೀರಿ ನೋಡೋಣ," ಅಂದಳು ಹೆಂಡತಿ.

"ಅನುಮತಿ ಬಂದಿಲ್ಲ."

"ನಮ್ಮ ಮನೇಲಿ ಹಿಡಿಯೋಕೆ ಯಾರ ಅನುಮತಿ ರೀ?"

"ಅರ್ಜಿ ಪರಿಶೀಲನೆಯಲ್ಲಿದೆ. ಈಗ ನಾನು ಮುಟ್ಟಿದ್ರೆ ಮೊದಲೇ ತೀರ್ಮಾನ ಮಾಡ್ಬಿಟ್ಟಿದ್ದೆ ಅಂತಾಗುತ್ತೆ."

"ನನ್ನನ್ನ ನೋಡೋಕೆ ಬಂದು ಹೋದ್ಮೇಲೆ ಹದಿನಾಲ್ಕು ತಿಂಗಳು ಉತ್ತರ ಕೊಟ್ಟಿರ್ಲಿಲ್ಲ ನೀವು. ನಮ್ಮಪ್ಪ ನೀವು ಸತ್ತೇ ಹೋಗಿದ್ದೀರಿ ಅಂದ್ಕೊಂಡಿದ್ರು," ಅಂದಳು. ಅತ್ತೆ ಕಂಬದ ಬಳಿಯಿಂದ, "ಒಂದು ಹಾರ ಕೂಡ ತರಿಸಿದ್ರು," ಅಂದರು.

ಸುಮ್ಮನೆ ಕೂತಿದ್ದೆ ಅಂತಲ್ಲ. ಕೆಟ್ಟುನಿಂತ ಬಸ್ಸಿನ ದಯದಿಂದ ಒಂದು ಸಂಜೆ ಪಾಳಿ ಬೇಗ ಮುಗಿದಾಗ ಪರದೆ ಅಂಗಡಿಯ ಮೆಟ್ಟಿಲು ಹತ್ತಿಯೂ ನೋಡಿದೆ. ನುಣ್ಣನೆಯ ಮರದ ನೆಲ, ಆರು ಕಂಬ, ಒಂದು ಗೋಡೆ ಪೂರ್ತಿ ಕನ್ನಡಿ. ನಾನು ಅಂದುಕೊಂಡಂಥದ್ದು ಏನೂ ಇರಲಿಲ್ಲ. ಒಬ್ಬ ನರ್ಸಮ್ಮ, ಇಬ್ಬರು ಕಾಲೇಜಿನ ಹುಡುಗಿಯರು, ನನಗಿಂತ ಒಂದು ಸುತ್ತು ದಪ್ಪಗಿದ್ದ ಒಬ್ಬ ಬ್ಯಾಂಕಿನವರು, ಎಲ್ಲರೂ ಹಲ್ಲು ಕಚ್ಚಿಕೊಂಡು ಬೆವರುತ್ತಿದ್ದರು. ಕನ್ನಡಿಯಲ್ಲಿ ಖಾಕಿ ಅಂಗಿಯ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತದ್ದು ಕಂಡಿತು. ನಾನೇ. ಬ್ಯಾಂಕಿನವರು ಗಾಬರಿಯಾಗಿ ಕಂಬದಿಂದ ಜಾರಿ, ನುಣ್ಣನೆಯ ನೆಲದ ಮೇಲೆ ಬಾಗಿಲವರೆಗೆ ಬಂದು ಕೂತರು. ಅಭ್ಯಾಸಬಲದಿಂದ ನನ್ನ ಬಾಯಿಂದ, "ಒಳಗೆ ನಡೀರಿ, ಬಾಗಿಲ ಹತ್ರ ನಿಲ್ಬೇಡಿ," ಅಂತ ಬಂದುಬಿಟ್ಟಿತು.

ಟೀಚರು ನಕ್ಕಳು. "ಬಂದ್ರಾ ಅಣ್ಣ? ಹತ್ತು ಎಣಿಸೋವರೆಗೆ ಹಿಡೀರಿ ಸಾಕು, ಬನ್ನಿ."

"ಇಲ್ಲಮ್ಮ, ಅನುಮತಿ ಬಂದಿಲ್ಲ. ನೋಡ್ಕೊಂಡು ಹೋಗೋಣ ಅಂತ ಬಂದೆ."

"ಪರೀಕ್ಷೆ ಯಾವಾಗ?"

"ಎರಡು ತಿಂಗಳಿದೆ."

"ಅನುಮತಿ ಕಾಯ್ತಾ ಕೂತ್ರೆ ತೋಳು ಬೆಳೆಯುತ್ತಾ ಅಣ್ಣ?"

ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಯೋಚಿಸುತ್ತಾ ಮೆಟ್ಟಿಲು ಇಳಿದೆ.

ಆ ದಿನಗಳಲ್ಲಿ ಬಸ್ಸಿನಲ್ಲೂ ನೂಕುನುಗ್ಗಲು. ಒಂದು ಮಧ್ಯಾಹ್ನ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಹಿಂದಿನ ಸೀಟಿನ ಕೆಳಗೆ ಒಂದು ಕಂದು ಬಣ್ಣದ ದೊಡ್ಡ ಕವರು ಸಿಕ್ಕಿತು. ಅಂಟು ಹಾಕಿ ಮುಚ್ಚಿದ್ದರು. ಯಾರದೋ ಒದ್ದೆ ಕೊಡೆ ತಾಗಿ ಮೇಲಿನ ವಿಳಾಸದ ಶಾಯಿ ಪೂರ್ತಿ ಹರಡಿಹೋಗಿತ್ತು. ಒಡೆದು ನೋಡೋಣ ಅಂದ ಡ್ರೈವರು. ಬಸ್ಸಿನಲ್ಲಿ ಸಿಕ್ಕಿದ್ದನ್ನು ಕಂಡಕ್ಟರ್ ತೆರೆಯುವಂತಿಲ್ಲ, ದಿನಾಂಕ, ಬಸ್ಸಿನ ನಂಬರು, ಸೀಟು ಬರೆದು ಸಹಿ ಹಾಕಿ ಕೋಣೆಗೆ ಒಪ್ಪಿಸತಕ್ಕದ್ದು. ಅವನಿಗೆ ನಿಯಮ ತಿಳಿಸಿ, ಅಂದವಾಗಿ ಚೀಟಿ ಬರೆದು ಅಂಟಿಸಿ, ಕೋಣೆಯಣ್ಣನಿಗೆ ಕೊಟ್ಟುಬಂದೆ. ಯಾರೋ ಪಾಪ ಇದಕ್ಕಾಗಿ ಕಾಯುತ್ತಿರಬೇಕು ಅಂತ ಮರುಕವೂ ಪಟ್ಟೆ.

ಪರೀಕ್ಷೆಯ ದಿನ ಬಂತು. ಅನುಮತಿ ಬರಲಿಲ್ಲ. ಡಿಪೊ ಮ್ಯಾನೇಜರಿಗೆ ನಾಲ್ಕು ಸಲ ನೆನಪಿಸಿದ್ದೆ. "ಬರುತ್ತೆ, ಅಲ್ಲಿ ಎಲ್ಲರೂ ಸಹಿ ಹಾಕ್ಬೇಕಲ್ಲ," ಅನ್ನುತ್ತಿದ್ದರು. ಡಾಕ್ಟರು ಗಡಿಯಾರ ಒತ್ತಿದರು. ಕಾಲೆತ್ತಿದೆ. ಹದಿನಾಲ್ಕನೇ ನಂಬರಿನ ಬಸ್ಸನ್ನು ನೆನೆಸಿಕೊಂಡೆ, ಕಣ್ಣು ಮುಚ್ಚಿಕೊಂಡೆ, ಕೈ ಉರಿಯಿತು, ಇನ್ನು ಸಾಕು ಇಪ್ಪತ್ತು ದಾಟಿತು ಅನ್ನಿಸಿ ಬಿಟ್ಟೆ.

"ಮೂರೂವರೆ," ಅಂದರು ಡಾಕ್ಟರು. "ಕಡಿಮೆ ಆಗಿದೆಯಲ್ರೀ." ಕನ್ನಡಕದ ಮೇಲಿಂದ ನೋಡಿ ಸಣ್ಣ ದನಿಯಲ್ಲಿ ಸೇರಿಸಿದರು: "ಆರು ತಿಂಗಳಾದ್ಮೇಲೆ ಇನ್ನೊಂದು ಅವಕಾಶ ಇದೆ. ಅದೇ ಕೊನೇದು."

ಸೋಮವಾರ ಬೆಳಿಗ್ಗೆ ಕೋಣೆಗೆ ಹೋದೆ. ನಿಲ್ದಾಣದಿಂದ ಹದಿನಾಲ್ಕನೇ ನಂಬರು ಹೊರಟ ಸದ್ದು ಕೇಳಿಸಿತು. ಹೊಸ ಕಂಡಕ್ಟರು "ಒಳಗೆ ನಡೀರಿ" ಅಂತ ಕೂಗುತ್ತಿದ್ದ, ಗಂಟಲು ಇನ್ನೂ ಎಳೆಯದು. ಕೋಣೆಯಣ್ಣನಿಗೆ ಅದು ನಿವೃತ್ತಿಗೆ ಮುಂಚಿನ ಕೊನೆಯ ವಾರ. ತಮ್ಮ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದರು.

"ಕೂತ್ಕೊ. ಇಲ್ಲಿ ನಿಲ್ಲೋ ಕೆಲಸ ಇಲ್ಲ. ಬಂದಿದ್ದನ್ನ ಆರು ತಿಂಗಳು ಇಟ್ಕೊಳ್ತೀವಿ, ಯಾರೂ ಹುಡ್ಕೊಂಡು ಬರ್ಲಿಲ್ಲ ಅಂದ್ರೆ ವಿಲೇವಾರಿ. ತಿಂಗಳು ದಾಟಿದ ಕವರುಗಳನ್ನ ನಾವು ತೆರೀಬಹುದು. ಇದೊಂದು ಬಾಕಿ ಇದೆ. ಮನೆಗೆ ಹೋಗೋ ಹೊತ್ತಲ್ಲಿ ಯಾಕೆ ಅಂತ ನಾನು ತೆರೀಲಿಲ್ಲ."

ಕಂದು ಕವರು. ಮೇಲೆ ನನ್ನದೇ ಅಂದವಾದ ಅಕ್ಷರ. ಬಸ್ಸು ಹದಿನಾಲ್ಕು, ಹಿಂದಿನ ಸೀಟು, ನನ್ನ ಸಹಿ. ತೆರೆದೆ. ಒಳಗೆ ನನ್ನ ಅರ್ಜಿ ಇತ್ತು, ಹನ್ನೊಂದು ಮೊಹರು ಬಿದ್ದಿದ್ದವು. ಕೊನೆಯ ಪುಟದಲ್ಲಿ ಆದೇಶ: "ಅರ್ಜಿದಾರರು ಸದರಿ ತರಗತಿಗೆ ಸೇರಬೇಕೋ ಬೇಡವೋ ಎಂಬುದನ್ನು ಸ್ವತಃ ತೀರ್ಮಾನಿಸಲು ಅನುಮತಿಸಲಾಗಿದೆ. ಪಾಳಿಯನ್ನೂ ಬದಲಿಸಲಾಗಿದೆ. ತೀರ್ಮಾನವನ್ನು ಹದಿನೈದು ದಿನದೊಳಗೆ ತಿಳಿಸತಕ್ಕದ್ದು." ಪರೀಕ್ಷೆಗೆ ಏಳು ವಾರ ಮುಂಚಿನ ತಾರೀಖು.

ಟಪಾಲಿನವರ ನಿದ್ದೆಯನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಅವರು ಮರೆತರು. ಹೊತ್ತು ತಂದು ಇಲ್ಲಿ ಬೀಗದೊಳಗೆ ಇಟ್ಟವನು ನಾನು.

ಕೋಣೆಯಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. "ಹದಿನೈದು ದಿನ ಮುಗ್ದಿದೆಯಲ್ಲ. ಹೊಸ ಅರ್ಜಿ ಹಾಕ್ಬೇಕಾಗುತ್ತೆ," ಅಂತ ಹೇಳಿ ಒಂದು ಬಿಳಿ ಹಾಳೆ ಮುಂದಿಟ್ಟರು. ನಾನು ಪೆನ್ನು ತೆಗೆದು "ಮಾನ್ಯರೇ" ಅಂತ ಬರೆದೆ. ಅಷ್ಟು ಬರೆಯುವುದರೊಳಗೆ ಎಷ್ಟು ಸುಸ್ತಾಯಿತೆಂದರೆ, ಬಸ್ಸಿನಲ್ಲಿ ಇಡೀ ದಿನ ನಿಂತರೂ ಅಷ್ಟು ಸುಸ್ತಾದದ್ದಿಲ್ಲ. ಪೆನ್ನು ಮುಚ್ಚಿದೆ. ಎದ್ದು ಹೋಗಿ ಪೈಪಿನ ಮೇಲಿದ್ದ ಹನ್ನೊಂದು ಕೊಡೆಗಳನ್ನು ಒಂದೊಂದಾಗಿ ಬದಿಗೆ ಸರಿಸಿ, ಎರಡೂ ಕೈಯಲ್ಲಿ ಪೈಪು ಹಿಡಿದು, ಕಾಲೆತ್ತಿದೆ.

"ಅನುಮತಿ?" ಅಂದರು ಕೋಣೆಯಣ್ಣ.

ಉಸಿರು ಬಿಗಿ ಹಿಡಿದಿದ್ದರಿಂದ ಉತ್ತರ ಕೊಡಲಾಗಲಿಲ್ಲ. ಅವರು ಎಣಿಸತೊಡಗಿದರು. ಆರು ಆಯಿತು.

ಕೋಣೆ ಮುಚ್ಚುವುದು ನಾಲ್ಕೂವರೆಗೆ. ತರಗತಿಗೆ ಹಾಕಲು ಸಡಿಲ ಪೈಜಾಮ ತರೋಣವೆಂದು ಬೇಗ ಬೇಗ ಮನೆಗೆ ಬಂದೆ. ನಡುಮನೆ ತುಂಬಿತ್ತು. ಹೆಂಡತಿ ಕಂಬ ಬಿಟ್ಟು ಕೈ ಒರೆಸಿಕೊಳ್ಳುತ್ತಿದ್ದಳು, ಹೆಡ್‌ಮಿಸ್ಟ್ರೆಸ್ಸು ಸೆರಗು ಸಿಕ್ಕಿಸಿ ಸರದಿಗೆ ಕಾಯುತ್ತಿದ್ದರು, ಅವರ ಹಿಂದೆ ಇನ್ನಿಬ್ಬರು. ಅತ್ತೆ ಒಂದು ಕೈಯಲ್ಲಿ ಮಾತ್ರ ಕಂಬ ಹಿಡಿದು ನಿಂತಿದ್ದರು.

"ತೀರ್ಮಾನ ಮಾಡ್ದೆ," ಅಂದೆ ಹೊಸ್ತಿಲಲ್ಲಿ ನಿಂತು. "ಇವತ್ತಿಂದ ತರಗತಿಗೆ ಹೋಗ್ತೀನಿ."

ಯಾರೂ ಗಾಬರಿಯಾಗಲಿಲ್ಲ, ಯಾರೂ ನಗಲಿಲ್ಲ. ಮೂರು ತಿಂಗಳ ನನ್ನ ಒದ್ದಾಟವೆಲ್ಲ ಅವರಿಗೆ ಹಳೆಯ ಸುದ್ದಿಯಾಗಿತ್ತು. ಅತ್ತೆ ನನ್ನತ್ತ ತಿರುಗಿ ಬೆಲ್ಲು ಒತ್ತಿದರು.

"ಒಳಗೆ ನಡೀರಿ ಅಳಿಯಂದಿರೇ," ಅಂದರು, "ಬಾಗಿಲ ಹತ್ರ ನಿಲ್ಬೇಡಿ."

ಇಪ್ಪತ್ತೆರಡು ವರ್ಷ ಈ ಮಾತನ್ನು ದಿನಕ್ಕೆ ನೂರು ಸಲ ಹೇಳಿದ್ದೇನೆ. ಒಬ್ಬರೂ ಕೇಳಿದ್ದಿಲ್ಲ. ನಾನು ಒಳಗೆ ನಡೆದೆ.